ಆಳುವವರು, ಆಳಾಗುವವರು

ಕನ್ನಡದಲ್ಲಿ ‘ಆಳು’ ಎಂಬ ಪದಕ್ಕೆ ಎರಡು ಕೆಲಸ. ಕ್ರಿಯಾಪದವಾಗಿ ಬಂದರೆ ಅಧಿಕಾರ ನಡೆಸುವುದು. ನಾಮಪದವಾಗಿ ಬಂದರೆ ಆ ಅಧಿಕಾರದ ಕೆಳಗೆ ದುಡಿಯುವ ಮನುಷ್ಯ. ಅರಸ ನಾಡನ್ನು ಆಳುತ್ತಾನೆ, ಆಳು ಹೊಲದಲ್ಲಿ ದುಡಿಯುತ್ತಾನೆ. ಒಡೆಯ, ಯಜಮಾನ, ಮಾಲಕ ಎಂಬ ಮಾತುಗಳ ಕತೆಯೂ ಹೀಗೆಯೇ. ಹೊಲದ ಒಡೆತನ ಇದ್ದವನಿಗೂ ಮನೆಯ ಗಂಡನಿಗೂ ಒಂದೇ ಪದ ಸಾಕಾಗುತ್ತದೆ. ನಮ್ಮ ಕಡೆ ಹೆಂಗಸರು ಗಂಡನ ಸುದ್ದಿ ಹೇಳುವಾಗ ‘ನಮ್ಮ ಮಾಲಕರು ಊರಾಗಿಲ್ಲರೀ’ ಎನ್ನುವುದನ್ನು ನೀವೂ ಕೇಳಿರಬಹುದು. ಕೇಳಿದವರು ಯಾರೂ ತಿರುಗಿ ನೋಡುವುದಿಲ್ಲ. ಅಷ್ಟು ರೂಢಿಯಾದ ಮಾತು ಅದು.

ಈ ಬರಹದ ಪ್ರಶ್ನೆ ಇಷ್ಟೇ. ಒಬ್ಬರು ಹೇಳುವವರು, ಇನ್ನೊಬ್ಬರು ಕೇಳುವವರು ಎಂದು ಪಾತ್ರಗಳು ಹಂಚಿಹೋದ ಸಂಬಂಧದೊಳಗೆ ಮನುಷ್ಯ ಬೆಳೆಯಬಲ್ಲನೇ? ತಗ್ಗಿ ನಡೆಯುವವರು ತಮ್ಮನ್ನು ತಾವು ಕೇಳಿಕೊಳ್ಳಬಹುದಾದದ್ದು ಏನು? ಮೇಲೆ ಕುಳಿತವರು ಕೇಳಿಕೊಳ್ಳಬೇಕಾದದ್ದು ಏನು?

ಮೇಲು-ಕೆಳಗೇ ಬೇಡ, ಎಲ್ಲ ಸಂಬಂಧಗಳೂ ಸಮಾನವಾಗಲಿ ಎಂಬ ಉತ್ತರ ಕೈಗೆಟಕುವಂತಿದೆ. ಆ ಆಸೆ ನನಗೂ ಇದೆ. ಆದರೆ ಕಲಿಸುವವರು-ಕಲಿಯುವವರು, ಹಿರಿಯರು-ಕಿರಿಯರು, ಕೆಲಸ ಕೊಡುವವರು-ಮಾಡುವವರು ಎಂಬ ಜೋಡಿಗಳಿಲ್ಲದ ಒಂದು ದಿನವನ್ನೂ ನಾವು ಕಳೆಯುವುದಿಲ್ಲ. ಕೆಲವು ಅಧೀನತೆಗಳನ್ನು ನಾವೇ ಹುಡುಕಿಕೊಂಡು ಹೋಗುತ್ತೇವೆ. ಹಾಗಾಗಿ ಯಾವ ತಗ್ಗುವಿಕೆಯಲ್ಲಿ ಮನುಷ್ಯ ಬೆಳೆಯುತ್ತಾನೆ, ಯಾವುದರಲ್ಲಿ ಕುಗ್ಗುತ್ತಾನೆ ಎಂದು ಬೇರ್ಪಡಿಸಿ ನೋಡುವುದು ಹೆಚ್ಚು ಉಪಯೋಗದ ಕೆಲಸ. ನಾನು ಬದುಕುತ್ತಿರುವ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಅದಕ್ಕೆ ಬೇಕಾದ ಉದಾಹರಣೆಗಳು ಕಣ್ಣೆದುರೇ ಇವೆ.

ಮೊದಲಿಗೆ ಗರಡಿಮನೆ. ನಮ್ಮ ಹಳ್ಳಿಗಳಲ್ಲಿ ಕುಸ್ತಿಯ ಹುಚ್ಚು ಇನ್ನೂ ಪೂರ್ತಿ ಆರಿಲ್ಲ. ಜಾತ್ರೆ ಅಂದಮೇಲೆ ಕುಸ್ತಿ ಇರಲೇಬೇಕು ಎನ್ನುವ ಊರುಗಳಿವೆ. ಗರಡಿ ಸೇರಿದ ಹುಡುಗ ವಸ್ತಾದರು ಹೇಳಿದಷ್ಟು ಬೈಠಕ್ ಹೊಡೆಯುತ್ತಾನೆ, ಹೇಳಿದ್ದನ್ನು ಉಣ್ಣುತ್ತಾನೆ, ಹೇಳಿದ ಹೊತ್ತಿಗೆ ಮಲಗುತ್ತಾನೆ. ಮಣ್ಣು ಹದ ಮಾಡುವುದು, ಹಿರಿಯ ಪೈಲ್ವಾನರ ಮೈ ತಿಕ್ಕುವುದು ಅವನ ಪಾಲಿನ ಕೆಲಸ. ವಸ್ತಾದರ ಕಾಲು ಮುಟ್ಟದೆ ಕಣಕ್ಕೆ ಇಳಿಯುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಇದು ಪೂರ್ತಿ ಶರಣಾಗತಿ. ಆದರೆ ಆ ಹುಡುಗ ತನ್ನ ಕಾಲಿನಿಂದ ನಡೆದು ಬಂದವನು, ನಾಳೆ ಬೇಡವೆನಿಸಿದರೆ ಅದೇ ಕಾಲಿನಿಂದ ಹೋಗಬಲ್ಲ. ಹೋದರೆ ಪಕ್ಕದ ಊರಲ್ಲಿ ಇನ್ನೊಂದು ಗರಡಿ ಇದೆ. ಹೆಗಲು ಉಳುಕಿ ‘ಸಾಕು’ ಎಂದರೆ ಒಳ್ಳೆಯ ವಸ್ತಾದ ನಿಲ್ಲಿಸುತ್ತಾನೆ. ನಿಲ್ಲಿಸದಿದ್ದರೆ ಪೈಲ್ವಾನನ ಜೊತೆಗೆ ಅವನ ಹೆಸರೂ ಕೆಡುತ್ತದೆ. ಆ ಆಜ್ಞೆಗಳೆಲ್ಲ ಹುಡುಗನ ಮೈಗೆ, ಅವನ ಪಟ್ಟುಗಳಿಗೆ ಸಲ್ಲುವಂಥವು. ಮುಖ್ಯವಾಗಿ, ಈ ಸಂಬಂಧಕ್ಕೆ ಕೊನೆಯೊಂದಿದೆ. ಶಿಷ್ಯ ತನ್ನನ್ನೇ ಚಿತ್ ಮಾಡುವ ದಿನ ಬರಲಿ ಎಂದು ಕಾಯುವವನೇ ನಿಜವಾದ ವಸ್ತಾದ.

ಇದರ ಪಕ್ಕದಲ್ಲಿ ಇನ್ನೊಂದು ಜೋಡಿಯನ್ನು ಇಟ್ಟು ನೋಡೋಣ. ಹಿಡಕಲ್ ಅಣೆಕಟ್ಟಿನ ನೀರು ಕಾಲುವೆಗಳಲ್ಲಿ ಹರಿದು, ಜೋಳದ ಹೊಲಗಳಲ್ಲಿ ಕಬ್ಬು ನಿಲ್ಲುವ ಮೊದಲು, ಆಮೇಲೂ ಬಹುಕಾಲ, ದೊಡ್ಡ ಒಕ್ಕಲುತನದ ಮನೆಗಳಲ್ಲಿ ವರ್ಷದ ಆಳುಗಳಿರುತ್ತಿದ್ದರು. ಯುಗಾದಿಯಿಂದ ಯುಗಾದಿಗೆ ಲೆಕ್ಕ. ಮೊದಲೇ ಮುಂಗಡ ಕೊಟ್ಟು ಇಟ್ಟುಕೊಳ್ಳುವುದು. ನಡುವೆ ಮಗಳ ಮದುವೆಗೋ ಮನೆಯವರ ಕಾಯಿಲೆಗೋ ಮತ್ತೆ ಸಾಲ. ಸಾಲ ತೀರದೆ ಮತ್ತೊಂದು ಯುಗಾದಿ. ಸಾಲಕ್ಕೆ ಮನುಷ್ಯನ ದುಡಿಮೆಯನ್ನೇ ಒತ್ತೆಯಿಡುವುದನ್ನು 1976ರ ಜೀತಪದ್ಧತಿ ರದ್ದತಿ ಕಾಯ್ದೆ ನಿಷೇಧಿಸಿತು. ಕಾಯ್ದೆ ಬಂದಮೇಲೂ ಮುಂಗಡ ಎಂಬ ಮಾತು ಹೋಗಲಿಲ್ಲ. ಇಂದು ಕಬ್ಬು ಕಡಿಯಲು ಬರುವ ಗ್ಯಾಂಗುಗಳ ಲೆಕ್ಕ ಶುರುವಾಗುವುದೂ ಮುಂಗಡದಿಂದಲೇ.

ಮೂಡಲಗಿ ಕಡೆಯ ಹಳ್ಳಿಯೊಂದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಯುಗಾದಿಗಳನ್ನು ಒಂದೇ ಮನೆಯಲ್ಲಿ ಕಳೆದ ಮುದುಕರೊಬ್ಬರ ಜೊತೆ ನಾನು ಕೆಲವು ಸಲ ಕೂತು ಮಾತಾಡಿದ್ದೇನೆ. ಅವರ ಒಂದು ಮಾತು ಮರೆಯುವಂಥದ್ದಲ್ಲ. ‘ಧಣ್ಯಾರ ಮನಸಿನ್ಯಾಗ ಏನೈತಿ ಅನ್ನೂದು ಅವರ ಚಪ್ಪಲಿ ಸಪ್ಪಳದಾಗ ತಿಳೀತಿತ್ರೀ ಸರ. ಸಿಟ್ಟಿನ ಸಪ್ಪಳ ಬ್ಯಾರೆ, ಸಾಲ ಕೇಳಾಕ ಹೊಂಟ ಸಪ್ಪಳ ಬ್ಯಾರೆ.’ ಧಣಿಗಳಿಗೆ ನಿಮ್ಮ ವಿಷಯ ಏನು ಗೊತ್ತಿತ್ತು ಎಂದು ಕೇಳಿದೆ. ಅವರು ನಕ್ಕರು. ‘ನನಗ ಮಕ್ಕಳು ಎಷ್ಟ ಮಂದಿ ಅನ್ನೂದರಾಗ ತಪ್ಪತಿದ್ರು.’

ಜರ್ಮನ್ ತತ್ವಜ್ಞಾನಿ ಹೆಗೆಲ್ 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಒಡೆಯ ಮತ್ತು ದಾಸನ ಸಂಬಂಧವನ್ನು ವಿವರಿಸುತ್ತ ಇಂಥದ್ದೇ ಒಂದು ಎಡವಟ್ಟನ್ನು ತೋರಿಸಿದ. ಒಡೆಯನಿಗೆ ಮನ್ನಣೆ ಬೇಕು. ಆದರೆ ಮನ್ನಣೆ ಕೊಡುತ್ತಿರುವವನನ್ನು ಅವನು ಮನುಷ್ಯನೆಂದೇ ಎಣಿಸಿಲ್ಲ. ಹಾಗಿದ್ದ ಮೇಲೆ ಆ ಮನ್ನಣೆಗೆ ಬೆಲೆಯೆಲ್ಲಿ? ಇತ್ತ ದಾಸ ಭಯದಲ್ಲಿದ್ದರೂ ಕೆಲಸ ಮಾಡುತ್ತಾನೆ, ವಸ್ತುಗಳಿಗೆ ರೂಪ ಕೊಡುತ್ತಾನೆ, ತಾನು ಮಾಡಿದ್ದರಲ್ಲಿ ತನ್ನನ್ನು ಕಾಣುತ್ತಾನೆ. ಕೊನೆಗೆ ಬೆಳೆಯುವ ದಾರಿ ತೆರೆದುಕೊಳ್ಳುವುದು ಅವನಿಗೇ. ಹೆಗೆಲ್‌ನ ಹೆಸರನ್ನೂ ಕೇಳಿರದ ನಮ್ಮ ಮುದುಕರಿಗೆ ಈ ಮಾತಿನ ಅರ್ಧಭಾಗ ಚೆನ್ನಾಗಿ ಗೊತ್ತಿತ್ತು. ಕೆಳಗಿರುವವನು ಮೇಲಿರುವವನನ್ನು ಓದುತ್ತಾನೆ, ಯಾಕೆಂದರೆ ಓದದೆ ಅವನಿಗೆ ಉಳಿಗಾಲವಿಲ್ಲ. ಮೇಲಿರುವವನಿಗೆ ಓದುವ ಅಗತ್ಯವೇ ಬೀಳುವುದಿಲ್ಲ.

ಆದರೆ ಹೆಗೆಲ್ ಹೇಳಿದಷ್ಟು ಭರವಸೆಯಿಂದ ದಾಸನೇ ಬೆಳೆಯುತ್ತಾನೆ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಆ ಮುದುಕರಿಗೆ ಎತ್ತಿನ ಗುಣ ಗೊತ್ತು, ಮಣ್ಣಿನ ಗುಣ ಗೊತ್ತು, ಧಣಿಯ ಗುಣವಂತೂ ಬಾಯಿಪಾಠ. ‘ನಿಮಗ ಏನ ಬೇಕಂತ ಅನಸ್ತಿತ್ತು?’ ಎಂದು ಕೇಳಿದಾಗ ಮಾತ್ರ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ‘ಹಂಗ ಯಾರೂ ಕೇಳಿದ್ದಿಲ್ಲರೀ’ ಎಂದರು. ಇನ್ನೊಬ್ಬರ ಮನಸ್ಸನ್ನು ಓದುವುದರಲ್ಲೇ ಇಪ್ಪತ್ತು ವರ್ಷ ಕಳೆದವನಿಗೆ ತನ್ನ ಮನಸ್ಸನ್ನು ಓದಲು ಬಿಡುವು ಸಿಗುವುದಿಲ್ಲ. ಮೇಲಿದ್ದವನು ಕುರುಡನಾದರೆ ಕೆಳಗಿದ್ದವನು ತನ್ನ ಮಟ್ಟಿಗೆ ಮೂಕನಾಗುತ್ತಾನೆ. ಇಬ್ಬರ ನಷ್ಟವೂ ಒಂದೇ ಅಳತೆಯದಲ್ಲ. ಆದರೂ ಇಬ್ಬರಿಗೂ ನಷ್ಟವೇ.

ಇಲ್ಲಿ ‘ಹೌದ್ರೀ’ ಎಂಬ ಮಾತನ್ನು ಸ್ವಲ್ಪ ನೋಡಬೇಕು. ಇಪ್ಪತ್ತು ವರ್ಷ ಧಣಿ ಕೇಳಿದ್ದು ಅದೊಂದೇ. ‘ಇಲ್ಲರೀ’ ಎನ್ನಲು ಸಾಧ್ಯವಿರುವ ಬಾಯಿಂದ ಬಂದಾಗ ಮಾತ್ರ ‘ಹೌದ್ರೀ’ಗೆ ಬೆಲೆ. ಇಲ್ಲವೆಂದರೆ ಮುಂಗಡ ವಾಪಸು ಕೊಡು, ಮನೆ ಖಾಲಿ ಮಾಡು ಎನ್ನುವ ಸ್ಥಿತಿಯಲ್ಲಿ ಬಂದ ‘ಹೌದ್ರೀ’ ಸಂತೆಯಲ್ಲಿ ನಡೆಯದ ನಾಣ್ಯ. ಅಂಥ ನಾಣ್ಯಗಳಿಂದ ತುಂಬಿದ ಪೆಟ್ಟಿಗೆಯ ಮೇಲೆ ಕೂತವನು ತಾನು ಶ್ರೀಮಂತನೆಂದು ತಿಳಿದಿರುತ್ತಾನೆ. ನಾನು ಪಾಠ ಹೇಳುವವನು. ತರಗತಿಯಲ್ಲಿ ದಿನಕ್ಕೆ ಹತ್ತಾರು ಸಲ ‘ಹೌದ್ರೀ ಸರ’ ಕೇಳುತ್ತೇನೆ. ಅಂಕ ಹಾಕುವ ಪೆನ್ನು ನನ್ನ ಕೈಯಲ್ಲಿರುವವರೆಗೆ ಅವುಗಳಲ್ಲಿ ಎಷ್ಟು ನಿಜ ಎಂದು ತಿಳಿಯುವ ಉಪಾಯ ನನಗಿಲ್ಲ. ಮೇಲಿನ ಸ್ಥಾನದಲ್ಲಿರುವ ಯಾರೇ ಆದರೂ ಆತ್ಮಪರೀಕ್ಷೆಯನ್ನು ಇಲ್ಲಿಂದ ಶುರುಮಾಡಬಹುದು: ನನಗೆ ‘ಇಲ್ಲ’ ಎಂದವರು ಕೊನೆಯ ಸಲ ಯಾರು? ಆಮೇಲೆ ಅವರಿಗೆ ಏನಾಯಿತು?

ಹೊಲದಿಂದ ಮನೆಯೊಳಗೆ ಬಂದರೆ ಪ್ರಶ್ನೆ ಬಿಗಿಯಾಗುತ್ತದೆ, ಯಾಕೆಂದರೆ ಇಲ್ಲಿ ಪ್ರೀತಿಯೂ ಸೇರಿಕೊಂಡಿರುತ್ತದೆ. ಒಮ್ಮೆ ಹೆಣ್ಣು-ಗಂಡಿನ ಸಮಾನತೆಯ ಮೇಲೆ ಪಾಠ ನಡೆದಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: ‘ಸರ, ನಮ್ಮವ್ವ ನಮ್ಮಪ್ಪನ ಮಾತ ಎಂದೂ ಮೀರಿದಾಕಿ ಅಲ್ಲ. ಆಕಿ ಸುಖಾಗೇ ಅದಾಳ. ಅದು ತಪ್ಪಂತ ಹೇಳಾಕ ನಾವ್ಯಾರ್ರೀ?’ ತರಗತಿ ಸ್ತಬ್ಧವಾಯಿತು. ಆ ಹುಡುಗಿ ತನ್ನ ತಾಯಿಯ ಮರ್ಯಾದೆ ಕಾಯುತ್ತಿದ್ದಳು. ಅವಳ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕುವುದು ಆ ತಾಯಿಯ ಬದುಕನ್ನೇ ತಳ್ಳಿಹಾಕಿದಂತೆ.

1869ರಲ್ಲಿ ಜಾನ್ ಸ್ಟುವರ್ಟ್ ಮಿಲ್ ‘ದಿ ಸಬ್ಜೆಕ್ಷನ್ ಆಫ್ ವಿಮೆನ್’ ಎಂಬ ಪುಸ್ತಕದಲ್ಲಿ ಈ ಪ್ರಶ್ನೆಯನ್ನು ಎದುರಿಸಿದ್ದಾನೆ. ಗಂಡಸರಿಗೆ ಹೆಂಗಸರ ವಿಧೇಯತೆಯಷ್ಟೇ ಸಾಲದು, ಅವರ ಮನಸ್ಸೂ ಬೇಕು. ಅದಕ್ಕೆಂದೇ ತಗ್ಗಿ ನಡೆಯುವುದೇ ಹೆಣ್ಣಿನ ಸಹಜಗುಣವೆಂದು ಚಿಕ್ಕಂದಿನಿಂದ ಕಲಿಸಿಕೊಂಡು ಬರುತ್ತಾರೆ ಎಂಬುದು ಅವನ ವಾದ. ಹಾಗೆ ಕಲಿಸಿದ ಮನಸ್ಸಿನಿಂದ ಬಂದ ಒಪ್ಪಿಗೆಯನ್ನು ಒಪ್ಪಿಗೆಯೆಂದು ತೆಗೆದುಕೊಳ್ಳುವುದು ಹೇಗೆ? ವಾದ ಬಲವಾಗಿದೆ. ಆದರೆ ಅದನ್ನು ಒಬ್ಬ ತಾಯಿಯ ಎದುರು ನಿಂತು ಹೇಳಿದರೆ ‘ನಿನ್ನ ಸುಖ ಸುಳ್ಳು, ಅದು ನಿನಗೆ ಗೊತ್ತಿಲ್ಲ’ ಎಂದಂತಾಗುತ್ತದೆ. ಅದೂ ಒಂದು ಬಗೆಯ ಧಣಿತನವೇ.

ನನಗೆ ಕಾಣುವ ದಾರಿ ಬೇರೆ. ಅವಳು ಸುಖವಾಗಿದ್ದಾಳೆಯೇ ಎಂದು ಕೇಳುವ ಬದಲು, ಅವಳು ‘ಒಲ್ಲೆ’ ಎಂದ ದಿನ ಆ ಮನೆಯಲ್ಲಿ ಏನಾಗುತ್ತದೆ ಎಂದು ಕೇಳೋಣ. ಗಂಡ ಸಿಟ್ಟಾಗಿ, ಎರಡು ದಿನ ಮುಖ ಊದಿಸಿಕೊಂಡು, ಆಮೇಲೆ ಒಟ್ಟಿಗೆ ಕೂತು ಉಂಡರೆ ಆ ಸಂಬಂಧದಲ್ಲಿ ತಗ್ಗುವುದು ಒಂದು ರೀತಿಯ ಪ್ರೀತಿ ಇರಬಹುದು. ಬಾರುಕೋಲು ಬಂದರೆ, ಊಟ ನಿಂತರೆ, ಮನೆಬಾಗಿಲು ಮುಚ್ಚಿದರೆ ಅಲ್ಲಿಯವರೆಗಿನ ಸುಖ ಷರತ್ತಿನ ಸುಖ. ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರವೇ ಗೊತ್ತಿಲ್ಲ, ಯಾಕೆಂದರೆ ‘ಒಲ್ಲೆ’ ಎಂಬ ಮಾತನ್ನು ಯಾರೂ ಆಡಿ ನೋಡಿಲ್ಲ. ಆಡಬೇಕೆಂದರೆ ಆಡಿದ ಮೇಲೆ ಹೋಗಿ ನಿಲ್ಲಲು ಒಂದು ಜಾಗ ಬೇಕು.

ಆ ಜಾಗಕ್ಕೆ ನಮ್ಮಲ್ಲಿ ತವರು ಎಂದು ಹೆಸರು. ಬೀಸುಕಲ್ಲಿನ ಮುಂದೆ ಕೂತ ಹೆಂಗಸರು ತವರನ್ನು ಅಷ್ಟೊಂದು ಹಾಡಿದ್ದಕ್ಕೆ ಬರೀ ನೆನಪು ಕಾರಣವಲ್ಲ. ನಾಗರ ಪಂಚಮಿಗೆ ಅಣ್ಣ ಕರೆಯಲು ಬರುತ್ತಾನೆ, ನಾಲ್ಕು ದಿನ ಜೋಕಾಲಿ ಆಡಿ ಅವ್ವನ ಕೈ ಊಟ ಉಂಡು ಬರುತ್ತೇನೆ ಎನ್ನುವ ಸೊಸೆಗೆ ಗಂಡನ ಮನೆಯ ಆಚೆಗೂ ತನ್ನದೊಂದು ನೆಲವಿದೆ ಎಂಬ ಧೈರ್ಯ ಇರುತ್ತಿತ್ತು. ಅತ್ತೆಮನೆಯವರಿಗೂ ಅದು ಗೊತ್ತಿರುತ್ತಿತ್ತು. ಅದೇ ತವರು ‘ಹೊಂದಿಕೊಂಡ ಹೋಗವ್ವಾ, ಹೆಣ್ಣಿಗೆ ಕೊಟ್ಟ ಮನೀನ ಮನಿ’ ಎಂದು ಬಸ್ಸು ಹತ್ತಿಸಿ ಕಳಿಸಿದ ದಿನ ಅವಳ ‘ಒಲ್ಲೆ’ ಗಂಟಲಲ್ಲೇ ಇಂಗುತ್ತದೆ. ಗರಡಿಯ ಹುಡುಗನಿಗೂ ವರ್ಷದ ಆಳಿಗೂ ಇದ್ದ ವ್ಯತ್ಯಾಸ ಇದೇ. ಹುಡುಗನಿಗೆ ಬಿಟ್ಟು ಹೋಗಲು ಇನ್ನೊಂದು ಗರಡಿ ಇತ್ತು. ಆಳಿಗೆ ಇದ್ದದ್ದು ಮುಂದಿನ ಯುಗಾದಿ.

ಪಾತ್ರಗಳನ್ನೇ ಅದಲುಬದಲು ಮಾಡಿಬಿಟ್ಟರೆ ಆಗದೇ ಎಂದು ಕೇಳಬಹುದು. ನಮ್ಮ ಸೀಮೆಯ ಜನಪದ ರಂಗಭೂಮಿ ಆ ಪ್ರಯೋಗವನ್ನೂ ಮಾಡಿದೆ. ಮೂಡಲಗಿ ತಾಲ್ಲೂಕಿನ ಕುಲಗೋಡದ ತಮ್ಮಣ್ಣ ರಂಗಕ್ಕೆ ಒಗ್ಗಿಸಿದ ಶ್ರೀಕೃಷ್ಣ ಪಾರಿಜಾತವನ್ನು ಕಂಡವರಿಗೆ ಇದು ಗೊತ್ತು. ಪಾರಿಜಾತದ ಹೂವು ರುಕ್ಮಿಣಿಯ ಪಾಲಾದದ್ದಕ್ಕೆ ಸತ್ಯಭಾಮೆ ಮುನಿಯುತ್ತಾಳೆ. ಜಗತ್ತನ್ನೇ ಆಳುವವನೆಂದು ಹೆಸರಾದ ಕೃಷ್ಣ ಅವಳ ಬಾಗಿಲಲ್ಲಿ ಬೇಡುತ್ತ ನಿಲ್ಲುತ್ತಾನೆ. ಕೃಷ್ಣದೇವರಾಯನ ಆಸ್ಥಾನದ ನಂದಿ ತಿಮ್ಮನ ತೆಲುಗಿನಲ್ಲಿ ಬರೆದ ಪಾರಿಜಾತದ ಕಾವ್ಯದಲ್ಲಂತೂ ಕಾಲಿಗೆ ಬಿದ್ದ ಕೃಷ್ಣನ ತಲೆಯನ್ನು ಸತ್ಯಭಾಮೆ ಎಡಗಾಲಿನಿಂದ ಒದೆಯುತ್ತಾಳೆ. ನಮ್ಮ ಆಟದಲ್ಲಿ ದೂತೆಯೂ ಸುಮ್ಮನಿರುವವಳಲ್ಲ. ಭಾಗವತನ ಜೊತೆಗಿನ ಅವಳ ಮಾತಿನ ಚಕಮಕಿಗೆ ಜನ ಬೆಳಗಿನವರೆಗೂ ಕೂತು ನಗುತ್ತಿದ್ದರು.

ಆ ನಗುವಿಗೆ ಅರ್ಥವಿದೆ. ಆಳುವವನೂ ಬೇಡಬಹುದು, ಬೇಡುವಾಗ ಅವನು ಹೆಚ್ಚು ಚೆಲುವನಾಗಿ ಕಾಣುತ್ತಾನೆ ಎಂದು ಊರ ಗೌಡನೂ ಅವನ ಆಳೂ ಒಂದೇ ಚಾಪೆಯ ಆಚೀಚೆ ಕೂತು ನೋಡುತ್ತಿದ್ದರು. ಆದರೆ ಆಟ ಮುಗಿಯುತ್ತದೆ. ಬೆಳಗಾದ ಮೇಲೆ ಗೌಡ ಗೌಡನೇ, ಆಳು ಆಳೇ. ಸತ್ಯಭಾಮೆಯ ಗೆಲುವು ಸಹ ಯಜಮಾನಿಕೆಯ ಕುರ್ಚಿಯಲ್ಲಿ ಒಂದು ರಾತ್ರಿ ಕೂತ ಗೆಲುವು. ಕುರ್ಚಿ ಅಲ್ಲೇ ಇದೆ. ಪಾರಿಜಾತದಿಂದ ಉಳಿದ ಬದಲಾವಣೆಯನ್ನು ನಾನು ಕತೆಯಲ್ಲಿ ಹುಡುಕುವುದಿಲ್ಲ, ರಂಗದ ಮೇಲೆ ನಿಂತವರಲ್ಲಿ ಹುಡುಕುತ್ತೇನೆ. ಹೆಣ್ಣು ರಂಗವೇರುವುದನ್ನು ಮರ್ಯಾದಸ್ಥರು ಒಪ್ಪದ ಕಾಲದಲ್ಲಿ ಈ ಆಟದಿಂದ ಮನೆಮಾತಾದ ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯರಿಗೆ ರಂಗವೇ ನಿಲ್ಲುವ ಜಾಗವಾಗಿತ್ತು.

ಈಗ ಈ ಸೀಮೆಯ ಅತ್ಯಂತ ನೋವಿನ ಉದಾಹರಣೆಗೆ ಬರಬೇಕು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಮ್ಮ ಮೂರೂ ತಾಲ್ಲೂಕುಗಳಿಂದ ಜನ ಹೋಗುತ್ತಾರೆ. ಅವಳ ಕತೆ ಎಲ್ಲರಿಗೂ ಗೊತ್ತು. ರೇಣುಕೆಯ ತಲೆ ಕಡಿಯಿರಿ ಎಂದು ಜಮದಗ್ನಿ ಮಕ್ಕಳಿಗೆ ಆಜ್ಞೆ ಮಾಡುತ್ತಾನೆ. ಒಲ್ಲೆವೆಂದ ಹಿರಿಯ ಮಕ್ಕಳಿಗೆ ಶಾಪ. ಕಡಿದ ಪರಶುರಾಮನಿಗೆ ವರ. ಆ ವರದಲ್ಲಿ ಅವನು ಕೇಳಿದ್ದು ತಾಯಿಯ ಜೀವವನ್ನೇ. ಆಜ್ಞಾಪಾಲನೆಯನ್ನು ಹೊಗಳಲು ಈ ಕತೆಯನ್ನು ಹೇಳುವವರಿದ್ದಾರೆ. ನನಗೆ ಅದು ಬೇರೆಯಾಗಿ ಕೇಳಿಸುತ್ತದೆ. ವಿಧೇಯ ಮಗನಿಗೂ ತಾನು ಪಾಲಿಸಿದ ಆಜ್ಞೆಯನ್ನು ಅಳಿಸುವುದೇ ಬೇಕಾಗಿತ್ತು. ಇಷ್ಟು ಶತಮಾನ ಜನ ಉಧೋ ಉಧೋ ಎನ್ನುತ್ತ ಗುಡ್ಡ ಹತ್ತುತ್ತಿರುವುದು ಆಜ್ಞೆ ಕೊಟ್ಟವನಿಗಾಗಿಯೂ ಅಲ್ಲ, ಪಾಲಿಸಿದವನಿಗಾಗಿಯೂ ಅಲ್ಲ, ಅದಕ್ಕೆ ಬಲಿಯಾದವಳಿಗಾಗಿ.

ಅದೇ ಎಲ್ಲಮ್ಮನ ಹೆಸರಿನಲ್ಲಿ ಹುಡುಗಿಯರಿಗೆ, ಅದರಲ್ಲೂ ದಲಿತರ ಮನೆಯ ಹುಡುಗಿಯರಿಗೆ, ಮುತ್ತು ಕಟ್ಟುತ್ತ ಬಂದದ್ದೂ ನಮ್ಮಲ್ಲೇ. ಮುತ್ತು ಕಟ್ಟಿಸಿಕೊಂಡವಳಿಗೆ ‘ದೇವರಿಗೆ ಬಿಟ್ಟವಳು’ ಎಂಬ ಪಾತ್ರ ಸಿಗುತ್ತದೆ. ಆ ವಯಸ್ಸಿನಲ್ಲಿ ‘ನಾನು’ ಎಂಬುದೇ ಇನ್ನೂ ಮೂಡಿರುವುದಿಲ್ಲ. ಒಪ್ಪಿಗೆ ಕೇಳಲು ಅಲ್ಲಿ ಯಾರೂ ಇಲ್ಲ. ಮುಂದೆ ಅವಳು ‘ಇದು ನನ್ನ ಹಣೆಬರಹ, ತಾಯಿಯ ಸೇವೆ’ ಎಂದರೆ ಆ ಮಾತನ್ನು ಅವಳ ಬಾಯಲ್ಲಿ ಇಟ್ಟವರು ಯಾರೆಂದು ನೋಡಬೇಕಾಗುತ್ತದೆ. ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1934ರಲ್ಲಿ, ಇದರ ವಿರುದ್ಧ ಮೊದಲ ಕಾಯ್ದೆ ಬಂತು. 1982ರಲ್ಲಿ ಕರ್ನಾಟಕದ ಕಾಯ್ದೆ ಬಂತು. ಎರಡು ಕಾಯ್ದೆಗಳ ನಡುವೆಯೂ ಮುತ್ತು ಕಟ್ಟುವುದು ನಡೆದೇ ಇತ್ತು.

ಹೆಂಗಸರೇ ಒಟ್ಟುಗೂಡತೊಡಗಿದಾಗ ಬೇರೊಂದು ಬಲ ಬಂತು. 1990ರ ದಶಕದಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ದೇವದಾಸಿ ಮಹಿಳೆಯರ ಸಂಘಗಳು ಹುಟ್ಟಿದವು. 1997ರಲ್ಲಿ ಅವರದೇ ಸಂಸ್ಥೆಯಾಗಿ ‘ಮಾಸ್’, ಅಂದರೆ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿ ನೆಲೆಗೊಂಡಿತು. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಕಬ್ಬೂರಿನ ಸೀತವ್ವ ಜೋಡಟ್ಟಿ ಅದನ್ನು ಮುನ್ನಡೆಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮುತ್ತು ಕಟ್ಟಿಸಿಕೊಂಡವರೇ ಇನ್ನೊಬ್ಬಳಿಗೆ ಮುತ್ತು ಕಟ್ಟುವುದನ್ನು ತಡೆಯಲು ಹೋಗಿ ನಿಂತರು. ಕಾಯ್ದೆಯ ಪುಸ್ತಕಕ್ಕೆ ಇಲ್ಲದ ಕಣ್ಣು ಅವರಿಗಿತ್ತು. ಯಾವ ಮನೆಯಲ್ಲಿ ಏನು ತಯಾರಿ ನಡೆದಿದೆ ಎಂದು ಅವರಿಗೆ ತಿಳಿಯುತ್ತಿತ್ತು.

ಇಲ್ಲಿ ನಾನು ಕಲಿತದ್ದು ಒಂದಿದೆ. ಆತ್ಮಪರೀಕ್ಷೆ ಎಂದರೆ ಒಬ್ಬರೇ ಕೋಣೆಯಲ್ಲಿ ಕಣ್ಣುಮುಚ್ಚಿ ಕೂತು ಮಾಡುವುದು ಎಂದು ನಾವು ತಿಳಿದಿರುತ್ತೇವೆ. ಕೆಳಗಿನ ಪಾತ್ರದಲ್ಲಿ ಹುಟ್ಟಿದವರಿಗೆ ಅದು ಹಾಗೆ ಒದಗಿಬರುವುದು ಕಷ್ಟ. ಒಬ್ಬಳೇ ಇದ್ದಾಗ ‘ನನ್ನ ಹಣೆಬರಹ’ ಎನಿಸಿದ್ದು ಇಪ್ಪತ್ತು ಮಂದಿ ಕೂತು ಅದನ್ನೇ ಹೇಳಿಕೊಂಡಾಗ ‘ಇದೇನು, ಎಲ್ಲರ ಹಣೆಯಲ್ಲೂ ಒಂದೇ ಬರಹವೇ?’ ಎಂಬ ಪ್ರಶ್ನೆಯಾಗುತ್ತದೆ. ಪ್ರಶ್ನೆಗೂ ಜೊತೆ ಬೇಕು.

ಇದಕ್ಕೆ ತದ್ವಿರುದ್ಧವಾದ ಒಂದು ತುದಿಯೂ ಇಂದಿನ ಜಗತ್ತಿನಲ್ಲಿದೆ. ದೊಡ್ಡ ನಗರಗಳಲ್ಲಿ, ಹೊರದೇಶಗಳಲ್ಲಿ, ವಯಸ್ಕ ಸಂಗಾತಿಗಳು ಕೂತು ಮಾತಾಡಿಕೊಂಡು ಒಬ್ಬರು ಆಜ್ಞಾಪಿಸುವವರು, ಇನ್ನೊಬ್ಬರು ಒಪ್ಪಿಸಿಕೊಳ್ಳುವವರು ಎಂಬ ಪಾತ್ರಗಳನ್ನು ಬೇಕೆಂದೇ ವಹಿಸಿಕೊಳ್ಳುವುದುಂಟು. ಇದನ್ನು ಕೇಳಿ ಮುಸಿಮುಸಿ ನಗುವವರೇ ಹೆಚ್ಚು. ನಗುವ ಮೊದಲು ಅವರ ಕಟ್ಟಳೆಯನ್ನು ನೋಡಬೇಕು. ಯಾವುದು ಸರಿ, ಯಾವುದು ಬೇಡ ಎಂದು ಮೊದಲೇ ಮಾತಾಗುತ್ತದೆ. ಒಂದು ಶಬ್ದ ಗೊತ್ತಾಗುತ್ತದೆ. ಒಪ್ಪಿಸಿಕೊಂಡವರು ಅದನ್ನು ಉಚ್ಚರಿಸಿದ ಕ್ಷಣ ಎಲ್ಲವೂ ನಿಲ್ಲಬೇಕು. ಮುಗಿದ ಮೇಲೆ ಏನು ಹಿತವಾಯಿತು, ಏನು ನೋಯಿಸಿತು ಎಂದು ಮತ್ತೆ ಮಾತು. ಅಂದರೆ ಆಜ್ಞೆ ಕೊಡುವವರನ್ನೂ ಆಳುವುದು ಆ ಒಂದು ಶಬ್ದ. ಅಗ್ನಿಸಾಕ್ಷಿಯಾಗಿ ಕಟ್ಟಿಕೊಂಡ ನಮ್ಮ ಎಷ್ಟು ಮನೆಗಳಲ್ಲಿ ಇಷ್ಟು ಮಾತು ನಡೆದಿದೆ?

ಹಾಗೆಂದು ಮಾತುಕತೆಯಿಂದಲೇ ಎಲ್ಲ ನೇರ್ಪಾಗುತ್ತದೆ ಎಂದೂ ಅಲ್ಲ. ಬಾಡಿಗೆ ಕಟ್ಟುವವರು ಅವರೇ, ಬಿಟ್ಟು ಹೋದಾರೆಂಬ ಅಂಜಿಕೆ ನನಗೇ ಎನ್ನುವ ಸ್ಥಿತಿಯಲ್ಲಿ ಆ ಶಬ್ದ ಬಾಯಿಗೆ ಬರುವುದಿಲ್ಲ. ಅಲ್ಲಿಯೂ ಒಪ್ಪಿಸಿಕೊಂಡವರು ಕೇಳಿಕೊಳ್ಳಬೇಕಾದ ಪ್ರಶ್ನೆ ನಮ್ಮ ವಿದ್ಯಾರ್ಥಿನಿಯ ತಾಯಿಗೆ ಸಲ್ಲುವ ಪ್ರಶ್ನೆಯೇ: ನಾನು ತಗ್ಗುತ್ತಿರುವುದು ನನಗೆ ಬೇಕೆಂದೋ, ತಗ್ಗದಿದ್ದರೆ ಒಬ್ಬಳಾಗುತ್ತೇನೆ ಎಂಬ ಭಯಕ್ಕೋ?

ಹನ್ನೆರಡನೆಯ ಶತಮಾನದ ಶರಣರು ಈ ಪ್ರಶ್ನೆಗೆ ವಿಚಿತ್ರವಾದ ಒಂದು ತಿರುವು ಕೊಟ್ಟರು. ಶರಣ ಸತಿ, ಲಿಂಗ ಪತಿ ಎಂಬ ಭಾವದಲ್ಲಿ ಗಂಡಸರೂ ಹೆಂಡತಿಯ ಪಾತ್ರಕ್ಕೆ ಇಳಿದರು. ಮನೆಯಲ್ಲಿ ಯಜಮಾನನ ಜಾಗದಲ್ಲಿ ಕೂತವನು ದೇವರ ಮುಂದೆ ತಗ್ಗುವವಳ ಜಾಗದಲ್ಲಿ ಕೂತು ನೋಡಿದ. ಅಕ್ಕಮಹಾದೇವಿಗೆ ಇದೇ ಭಾವ ಇನ್ನೊಂದು ರೀತಿಯಲ್ಲಿ ಒದಗಿತು. ಚೆನ್ನಮಲ್ಲಿಕಾರ್ಜುನನೇ ಗಂಡನಾದ ಮೇಲೆ ಕೌಶಿಕ ರಾಜನಿಗೆ ಅವಳ ಮೇಲೆ ಹಕ್ಕು ಉಳಿಯಲಿಲ್ಲ. ತಾನೇ ಆಯ್ದುಕೊಂಡ ಒಂದು ಶರಣಾಗತಿ, ಹೇರಿದ್ದ ಇನ್ನೊಂದನ್ನು ಬಿಡಿಸಿತು. ಅರಮನೆ ಬಿಟ್ಟವಳಿಗೆ ನಿಲ್ಲಲು ಕಲ್ಯಾಣದ ಶರಣರ ಸಂಗವಿತ್ತು, ಶ್ರೀಶೈಲವಿತ್ತು. ಈ ರೂಪಕದಲ್ಲಿ ಒಂದು ತೊಡಕು ಇದೆ ಎಂಬುದನ್ನೂ ಹೇಳಬೇಕು. ಹೆಂಡತಿ ಎಂದರೆ ತಗ್ಗುವವಳು ಎಂಬ ಲೋಕದ ರೂಢಿಯನ್ನು ಅದು ಮುರಿಯುವುದಿಲ್ಲ, ಅದನ್ನೇ ಏಣಿ ಮಾಡಿಕೊಳ್ಳುತ್ತದೆ. ಆದರೂ ಯಜಮಾನನೊಬ್ಬ ಕೆಳಗಿನ ಜಾಗದಲ್ಲಿ ಕೂತು ಜಗತ್ತು ಅಲ್ಲಿಂದ ಹೇಗೆ ಕಾಣುತ್ತದೆ ಎಂದು ನೋಡುವುದು ಸಣ್ಣ ಬೆಳವಣಿಗೆಯಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಉಳಿಯುವ ಅಳತೆಗೋಲು ಎರಡು. ಕೆಳಗಿರುವವರ ಬಾಯಲ್ಲಿ ‘ಸಾಕು’ ಎಂಬ ಮಾತು ಇದೆಯೇ? ಅದನ್ನು ಆಡಿದ ಮೇಲೆ ನಿಲ್ಲಲು ಆ ಇಬ್ಬರ ಆಚೆಗೆ ಒಂದು ಜಾಗ ಇದೆಯೇ? ಎರಡೂ ಇದ್ದರೆ ತಗ್ಗುವುದು ಕಲಿಕೆಯಾಗಬಹುದು, ಭಕ್ತಿಯಾಗಬಹುದು, ಪ್ರೀತಿಯೂ ಆಗಬಹುದು. ಒಂದಿಲ್ಲದಿದ್ದರೂ ಅದು ಜೀತದ ಕಡೆಗೆ ವಾಲುತ್ತದೆ, ಹೆಸರು ಸೇವೆ ಎಂದಿರಲಿ, ಸಂಸಾರ ಎಂದಿರಲಿ. ಮೇಲಿರುವವರಿಗೂ ಇದು ದಾನಧರ್ಮದ ಮಾತಲ್ಲ. ತನ್ನ ಕೆಳಗಿನವರಿಗೆ ನಿಲ್ಲುವ ಜಾಗ ಇರುವಂತೆ ನೋಡಿಕೊಳ್ಳದವನಿಗೆ ತಾನು ಯಾರೆಂದು ಹೇಳುವವರು ಯಾರೂ ಉಳಿಯುವುದಿಲ್ಲ.

ಆ ವಿದ್ಯಾರ್ಥಿನಿಯ ಪ್ರಶ್ನೆಗೆ ನನ್ನ ಉತ್ತರವೂ ಇದರಾಚೆಗೆ ಹೋಗುವುದಿಲ್ಲ. ಅವಳ ತಾಯಿಯ ಬದುಕು ತಪ್ಪು ಎನ್ನುವ ಅಧಿಕಾರ ನನಗಿಲ್ಲ, ನಿಮಗೂ ಇಲ್ಲ. ಎಲ್ಲ ಗೊತ್ತಿದ್ದೂ, ಹೋಗುವ ದಾರಿ ತೆರೆದಿದ್ದೂ, ಗಂಡನ ಮಾತಿನಂತೆ ನಡೆಯುವುದನ್ನೇ ಒಬ್ಬಳು ಆಯ್ದುಕೊಳ್ಳಬಹುದು. ಆ ದಾರಿ ತೆರೆದಿದೆಯೇ ಎಂದು ನೋಡುವ ಕೆಲಸ ಮಾತ್ರ ಆ ಮನೆಯ ಮಗಳದು, ಮಗನದು. ಈ ಸಲ ಊರಿಗೆ ಹೋದಾಗ, ಅಪ್ಪ ಹೊಲಕ್ಕೆ ಹೋದ ಹೊತ್ತಿನಲ್ಲಿ, ಅವ್ವನ ಪಕ್ಕ ಕೂತು ‘ನಿನಗೇನು ಬೇಕಿತ್ತಬೇ?’ ಎಂದು ಕೇಳಿ ನೋಡಿ. ಅವಳು ಬಹಳ ಹೊತ್ತು ಸುಮ್ಮನಿರಬಹುದು. ಅಷ್ಟು ಹೊತ್ತು ಕಾಯಿರಿ.